ನಾಯಿಯ ವಸಡಿಗೆ ಯಾವ ಆಂಟಿಬಯೋಟಿಕ್? ಮಾತ್ರೆಗೂ ಮೊದಲು ಮಾಡಬೇಕಾದ ಕೆಲಸಗಳು

“ನಾಯಿ ಹತ್ತಿರ ಬಂದರೆ ಬಾಯಿ ವಾಸನೆ ತಡೆಯೋಕೆ ಆಗಲ್ಲ. ಹಲ್ಲೆಲ್ಲ ಹಳದಿ ಪಾಚಿ ಕಟ್ಟಿದೆ. ನಿನ್ನೆ ಚೆಂಡು ಕಚ್ಚಿದಾಗ ಅದರ ಮೇಲೆ ರಕ್ತ ಇತ್ತು. ಯಾವ ಆಂಟಿಬಯೋಟಿಕ್ ಕೊಡಲಿ?”

ಮಾತು ಹೆಚ್ಚುಕಮ್ಮಿ ಇರಬಹುದು, ಪ್ರಶ್ನೆ ಮಾತ್ರ ಇದೇ. ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಕೆಲವರು ಮಾತ್ರೆಯ ಹೆಸರನ್ನೂ ತಾವೇ ಬರೆದು, “ಎಷ್ಟು ಕೊಡಬೇಕು ಅಂತ ಹೇಳಿ ಸಾಕು” ಅನ್ನುತ್ತಾರೆ. ನಾನು ಡಾಕ್ಟರಲ್ಲ, ನಾಯಿ ಸಾಕಿ ಅಭ್ಯಾಸ ಇರುವವನು ಅಷ್ಟೆ. ಡೋಸ್ ಹೇಳುವುದು ನನ್ನ ಕೆಲಸವಲ್ಲ, ಇಲ್ಲೂ ಹೇಳಿಲ್ಲ. ಆದರೆ ಮಾತ್ರೆ ಯಾವಾಗ ನಿಜಕ್ಕೂ ಬೇಕು, ಬೇಡದಾಗ ಕೊಟ್ಟರೆ ಏನಾಗುತ್ತದೆ, ಅದಕ್ಕೆ ಮೊದಲು ಏನೇನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಬಾಯೊಳಗೆ ಏನಾಗುತ್ತಿದೆ

ಮನೆಯ ನೀರಿನ ತೊಟ್ಟಿ ನೆನಪು ಮಾಡಿಕೊಳ್ಳಿ. ಗೋಡೆಗೆ ಲೋಳೆ ಕಟ್ಟಿರುತ್ತದಲ್ವಾ? ಬ್ಲೀಚಿಂಗ್ ಪೌಡರ್ ಹಾಕಿದರೆ ನೀರಿನಲ್ಲಿ ತೇಲುವ ಕ್ರಿಮಿಗಳು ಸಾಯುತ್ತವೆ, ಲೋಳೆ ಹೋಗುವುದಿಲ್ಲ. ಅದು ಹೋಗಬೇಕಾದರೆ ತೆಂಗಿನ ನಾರು ಹಿಡಿದು ಉಜ್ಜಲೇಬೇಕು. ನಾಯಿಯ ಹಲ್ಲಿನ ಮೇಲೂ ಅಂಥದ್ದೇ ಲೋಳೆ ಕಟ್ಟುತ್ತದೆ. ಅದಕ್ಕೆ ಪ್ಲಾಕ್ ಅನ್ನುತ್ತಾರೆ. ಬ್ಯಾಕ್ಟೀರಿಯಾಗಳು ಒಟ್ಟಾಗಿ ಅಂಟಿಕೊಂಡು, ತಮ್ಮ ಸುತ್ತ ತಾವೇ ಗೋಂದಿನಂಥ ಪದರ ಕಟ್ಟಿಕೊಂಡು ಬದುಕುವ ಈ ಪೊರೆಗೆ ವಿಜ್ಞಾನದಲ್ಲಿ ಬಯೋಫಿಲ್ಮ್ ಅಂತ ಹೆಸರು.

ಹಲ್ಲು ಶುಚಿ ಮಾಡಿದ 24 ಗಂಟೆಯೊಳಗೆ ಪ್ಲಾಕ್ ಮತ್ತೆ ಕಟ್ಟುತ್ತದೆ. ಎರಡು ಮೂರು ದಿನದಲ್ಲಿ ಎಂಜಲಿನ ಸುಣ್ಣದಂಶ ಸೇರಿ ಗಟ್ಟಿಯಾಗಲು ಶುರುವಾಗುತ್ತದೆ. ಗಾರೆ ಹಾಗೆ ಗಟ್ಟಿಯಾದ ಮೇಲೆ ಅದು ಟಾರ್ಟರ್. ನಾಯಿಯ ಎಂಜಲು ನಮ್ಮದಕ್ಕಿಂತ ಕ್ಷಾರೀಯ, ಅಂದರೆ ಹುಳಿಯ ಗುಣ ಕಡಿಮೆ. ಅದಕ್ಕೇ ನಾಯಿಗಳಿಗೆ ಹುಳುಕು ಹಲ್ಲು ಕಮ್ಮಿ, ಟಾರ್ಟರ್ ಜಾಸ್ತಿ.

ವಸಡಿನ ಅಂಚಿನಲ್ಲಿ ಪ್ಲಾಕ್ ಕೂತರೆ ವಸಡು ಕೆಂಪಾಗಿ ಊದುತ್ತದೆ. ಇದು ಜಿಂಜಿವೈಟಿಸ್, ಬರೀ ವಸಡಿನ ಉರಿಯೂತ. ಇಲ್ಲಿಗೆ ಎಚ್ಚೆತ್ತುಕೊಂಡರೆ ವಸಡು ಮೊದಲಿನಂತಾಗುತ್ತದೆ. ಬಿಟ್ಟರೆ ಲೋಳೆ ವಸಡಿನ ಕೆಳಗಿಳಿಯುತ್ತದೆ. ಹಲ್ಲಿಗೂ ವಸಡಿಗೂ ನಡುವೆ ಗುಳಿ ಬೀಳುತ್ತದೆ, ಡಾಕ್ಟರುಗಳು ಅದನ್ನು ಪಾಕೆಟ್ ಅನ್ನುತ್ತಾರೆ. ಹಲ್ಲನ್ನು ಹಿಡಿದಿಟ್ಟ ಮೂಳೆ ಸವೆಯುತ್ತದೆ. ಇದು ಪೆರಿಯೊಡಾಂಟೈಟಿಸ್. ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಈ ಗುಳಿಗಳಲ್ಲಿ ಗಾಳಿ ಆಡುವುದಿಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಗೆ ಅದೇ ಅನುಕೂಲ. ನಾಯಿಗಳಲ್ಲಿ ಪಾರ್ಫಿರೊಮೊನಾಸ್ ಗುಲೆ ಅನ್ನುವುದು ಅವುಗಳಲ್ಲಿ ಮುಖ್ಯವಾದದ್ದು. ಆ ಕೊಳೆತ ವಾಸನೆ ಬರುವುದೂ ಇಂಥವುಗಳಿಂದಲೇ.

ಲೋಳೆಯೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲಲು, ಬಿಡಿಯಾಗಿ ತೇಲುವ ಅದೇ ಬ್ಯಾಕ್ಟೀರಿಯಾಕ್ಕೆ ಬೇಕಾದ್ದಕ್ಕಿಂತ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಔಷಧ ಬೇಕಾಗಬಹುದು. ಅಷ್ಟನ್ನು ನಾಯಿಯ ಹೊಟ್ಟೆಗೆ ಹಾಕಲು ಸಾಧ್ಯವಿಲ್ಲ. ಇದು ಹೊಸ ತಿಳಿವಳಿಕೆಯೂ ಅಲ್ಲ. 1680ರ ದಶಕದಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಕೊಳೆಯನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದ. ವಿನೆಗರ್ ಹಾಕಿ ಬಾಯಿ ಮುಕ್ಕಳಿಸಿದರೂ ಕೊಳೆಯ ಹೊರಗಿನ ಜೀವಿಗಳು ಮಾತ್ರ ಸತ್ತು, ಒಳಗಿನವು ಬದುಕಿದ್ದವು ಅಂತ ಬರೆದಿಟ್ಟ.

ಹಂತ 1: ತುಟಿ ಎತ್ತಿ ನೋಡಿ

ಬೇಕಾದದ್ದು ಒಳ್ಳೆಯ ಬೆಳಕು, ಫೋನ್, ಜೊತೆಗೆ ಇನ್ನೊಬ್ಬರು. ಬಾಯಿ ಅಗಲಿಸಲು ಹೋಗಬೇಡಿ. ನಾಯಿಯ ಬಾಯಿ ಮುಚ್ಚಿರಲಿ, ಪಕ್ಕದ ಮೇಲ್ತುಟಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಎತ್ತಿ. ಕೋರೆಹಲ್ಲಿನಿಂದ ಹಿಂದಕ್ಕೆ ಹೋದರೆ ಕಣ್ಣಿನ ಕೆಳಗೆ ಸರಿಯಾಗಿ ಒಂದು ದೊಡ್ಡ ಹಲ್ಲು ಸಿಗುತ್ತದೆ. ಎಲ್ಲಕ್ಕಿಂತ ಮೊದಲು ಟಾರ್ಟರ್ ಕೂರುವ ಜಾಗಗಳಲ್ಲಿ ಅದೂ ಒಂದು.

ವಸಡಿನ ಅಂಚು ನೋಡಿ. ಆರೋಗ್ಯವಾಗಿದ್ದರೆ ತೆಳು ಗುಲಾಬಿ, ಕೆಲವು ನಾಯಿಗಳಲ್ಲಿ ಹುಟ್ಟಿನಿಂದಲೇ ಕಪ್ಪು. ಹಲ್ಲಿನ ಪಕ್ಕದಲ್ಲಿ ಗೆರೆ ಎಳೆದ ಹಾಗೆ ಕೆಂಪಿದ್ದರೆ ಉರಿಯೂತ ಶುರುವಾಗಿದೆ ಅಂತ. ಎರಡೂ ಕಡೆ ಫೋಟೋ ತೆಗೆದು ತಾರೀಖಿನೊಂದಿಗೆ ಇಟ್ಟುಕೊಳ್ಳಿ. ಬೆಳೆದ ನಾಯಿಗೆ 42 ಹಲ್ಲು. ಎಣಿಸಲು ಹೋಗುವುದು ಬೇಡ, ಅಲ್ಲಾಡುವುದು, ಮುರಿದದ್ದು ಕಂಡರೆ ಬರೆದುಕೊಳ್ಳಿ.

ಇವು ಕಂಡರೆ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ: ಕಣ್ಣಿನ ಕೆಳಗೆ ಬಾವು, ಕೀವು, ಊಟ ಬಿಟ್ಟಿರುವುದು, ಜ್ವರ, ನಿಲ್ಲದ ರಕ್ತ. ಒಂದೇ ಕಡೆ ಅಗಿಯುವುದು, ತುತ್ತು ಬಾಯಿಂದ ಬೀಳುವುದು, ಪಂಜದಿಂದ ಮುಖ ಉಜ್ಜಿಕೊಳ್ಳುವುದು ನೋವಿನ ಲಕ್ಷಣ. ಎಷ್ಟೋ ನಾಯಿಗಳು ಇದ್ಯಾವುದನ್ನೂ ತೋರಿಸದೆ ತಟ್ಟೆ ಖಾಲಿ ಮಾಡುತ್ತವೆ. “ಊಟ ಮಾಡ್ತಾ ಇದೆಯಲ್ಲ, ನೋವಿಲ್ಲ ಬಿಡಿ” ಅನ್ನುವುದು ಮೊದಲ ತಪ್ಪು ಲೆಕ್ಕ.

ಪಗ್, ಶಿಹ್ ಟ್ಜು, ಪಾಮೆರೇನಿಯನ್, ಡ್ಯಾಷ್‌ಹೌಂಡ್ ಥರದ ಚಿಕ್ಕ ತಳಿಗಳಲ್ಲಿ ಹಲ್ಲು ಒತ್ತೊತ್ತಾಗಿರುತ್ತವೆ. ಒಂದು ವರ್ಷ ತುಂಬುವ ಮೊದಲೇ ಇವುಗಳ ಬಾಯಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಹಂತ 2: ಮನೆಯಲ್ಲಿರುವ ಸ್ಟ್ರಿಪ್ ಕಡೆ ಕೈ ಹಾಕಬೇಡಿ

ಇಲ್ಲಿ ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮ ಹಳೆಯ ನಾಯಿಯ ಬಲಗಣ್ಣಿನ ಕೆಳಗೆ ಒಮ್ಮೆ ಗೋಲಿಯಷ್ಟು ಬಾವು ಬಂತು. ಮುಟ್ಟಿದರೆ ಬಿಸಿ. ಮನೆಯಲ್ಲಿ ಯಾರಿಗೋ ಬರೆದುಕೊಟ್ಟಿದ್ದ ಆಂಟಿಬಯೋಟಿಕ್ ಅರ್ಧ ಸ್ಟ್ರಿಪ್ ಉಳಿದಿತ್ತು, ಕೊಟ್ಟೆ. ನಾಲ್ಕು ದಿನಕ್ಕೆ ಬಾವು ಇಳಿಯಿತು, ನಾನು ಬೀಗಿದೆ. ಎರಡು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ. ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತಂದೆ, ಮತ್ತೆ ಇಳಿಯಿತು. ಮೂರನೇ ಸಲ ಇಳಿಯಲಿಲ್ಲ. ಕಣ್ಣಿನ ಕೆಳಗೆ ಚರ್ಮ ಒಡೆದು ಕೀವು ಸುರಿಯಿತು. ಎಕ್ಸ್‌ರೇ ತೆಗೆದಾಗ ಗೊತ್ತಾಯಿತು: ಮೇಲಿನ ದೊಡ್ಡ ಹಲ್ಲು ಸೀಳಿತ್ತು, ಬೇರಿನ ತುದಿಯಲ್ಲಿ ಕೀವು ಕಟ್ಟಿತ್ತು. ಹಲ್ಲು ಕಿತ್ತ ಮೇಲೆ ಬಾವು ಮತ್ತೆ ಬರಲಿಲ್ಲ. ನಾನು ಎರಡು ಸಲ ಇಳಿಸಿದ್ದು ಬಾವನ್ನು. ಕಾರಣ ಅಲ್ಲೇ ಕೂತಿತ್ತು.

ನಮ್ಮ ಮಾತ್ರೆ ಕೊಡುವುದರಲ್ಲಿ ಇನ್ನೂ ಹಲವು ಅಪಾಯಗಳಿವೆ. ಔಷಧದ ಪ್ರಮಾಣ ನಾಯಿಯ ತೂಕದ ಮೇಲೆ ಹೋಗುತ್ತದೆ, ನಮ್ಮದರ ಅರ್ಧ, ಕಾಲು ಅನ್ನುವ ಲೆಕ್ಕ ನಡೆಯುವುದಿಲ್ಲ. ಮೆಟ್ರೊನಿಡಜೋಲ್ ಜಾಸ್ತಿಯಾದರೆ ನಾಯಿ ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ. ಡಾಕ್ಸಿಸೈಕ್ಲಿನ್ ಮರಿಗಳ ಬೆಳೆಯುವ ಹಲ್ಲಿಗೆ ಕಲೆ ಬೀಳಿಸಬಹುದು. ನೋವಿಗೆ ಅಂತ ಐಬುಪ್ರೊಫೆನ್ ಕೊಡಲೇಬೇಡಿ, ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ.

ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಅರ್ಥ. ಈ ಗೆರೆಯ ಬಗ್ಗೆ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಪ್ರಚಾರವನ್ನೇ ಮಾಡಿತ್ತು. ಕೌಂಟರಿನಲ್ಲಿ ಕೇಳಿದರೆ ಕೊಟ್ಟುಬಿಡುತ್ತಾರೆ ಅನ್ನುವುದು ಬೇರೆ ವಿಷಯ.

ಹಂತ 3: ಸರಿಯಾದ ಕ್ಲೀನಿಂಗ್ ಮಾಡಿಸಿ

ಚಿಕಿತ್ಸೆ ಅಂದರೆ ಮುಖ್ಯವಾಗಿ ಇದೇ. ಮತ್ತು ಬರಿಸಿ, ಅಂದರೆ ಪೂರ್ತಿ ಅನಸ್ತೇಶಿಯಾ ಕೊಟ್ಟು, ವಸಡಿನ ಮೇಲೂ ಕೆಳಗೂ ಕೂತ ಲೋಳೆ, ಟಾರ್ಟರ್ ತೆಗೆಯುವುದು. ಆಮೇಲೆ ಪಾಲಿಶ್, ಯಾಕೆಂದರೆ ಕೆರೆದ ಹಲ್ಲು ಒರಟಾಗಿದ್ದರೆ ಪ್ಲಾಕ್ ಬೇಗ ಅಂಟುತ್ತದೆ. ಪ್ರೋಬ್ ಅನ್ನುವ ಗುರುತು ಹಾಕಿದ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಗುಳಿಯ ಆಳ ಅಳೆಯುತ್ತಾರೆ. ನಾಯಿಯಲ್ಲಿ 3 ಮಿಲಿಮೀಟರ್‌ವರೆಗೆ ಸಹಜ, ಪುಟ್ಟ ತಳಿಗಳಲ್ಲಿ ಅದಕ್ಕೂ ಕಮ್ಮಿ. ಹಲ್ಲಿನ ಹಿಡಿತ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಸಾಮಾನ್ಯವಾಗಿ ಕೀಳುವುದೇ ಸರಿ. ಹಲ್ಲು ಹೋಯಿತಲ್ಲ ಅಂತ ಸಂಕಟಪಡಬೇಡಿ. ನೋಯುವ ಹಲ್ಲಿಗಿಂತ ಖಾಲಿ ಜಾಗ ನಾಯಿಗೆ ಎಷ್ಟೋ ಹಾಯಿ.

ಫೋನ್ ಮಾಡಿ ಇವನ್ನು ಕೇಳಿ:

- ಮೊದಲೇ ರಕ್ತ ಪರೀಕ್ಷೆ ಮಾಡುತ್ತೀರಾ?
- ಗಂಟಲಿಗೆ ಟ್ಯೂಬ್ ಹಾಕುತ್ತೀರಾ? (ನೀರು, ಕೊಳೆ ಶ್ವಾಸಕೋಶಕ್ಕೆ ಇಳಿಯದ ಹಾಗೆ ಇದು ತಡೆಯುತ್ತದೆ.)
- ವಸಡಿನ ಕೆಳಗೂ ಶುಚಿ ಮಾಡುತ್ತೀರಾ?
- ಹಲ್ಲಿನ ಎಕ್ಸ್‌ರೇ ಇದೆಯಾ?

ಎಲ್ಲ ಕ್ಲಿನಿಕ್ಕಿನಲ್ಲೂ ನಾಲ್ಕಕ್ಕೂ ಹೌದು ಅನ್ನುವ ಉತ್ತರ ಸಿಗಲಾರದು. ಹತ್ತಿರದಲ್ಲಿ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಇದ್ದರೆ, ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್ ಹೀಗೆ, ಅಲ್ಲೂ ಏನೇನು ಇದೆ ಅಂತ ವಿಚಾರಿಸಿ.

ಎಚ್ಚರಿಕೆ: “ಅನಸ್ತೇಶಿಯಾ ಇಲ್ಲದೆ ಹಲ್ಲು ಕ್ಲೀನಿಂಗ್” ಅನ್ನುವ ಜಾಹೀರಾತಿಗೆ ಮರುಳಾಗಬೇಡಿ. ಎಚ್ಚರವಿರುವ ನಾಯಿ ವಸಡಿನ ಕೆಳಗೆ ಉಪಕರಣ ಹಾಕಲು ಬಿಡುವುದಿಲ್ಲ. ಕಾಣುವ ಹಲ್ಲು ಬೆಳ್ಳಗಾಗುತ್ತದೆ, ರೋಗ ಕೆಳಗೆ ಹಾಗೇ ಉಳಿಯುತ್ತದೆ. ಬೆಳ್ಳಗಿದೆಯಲ್ಲ ಅಂತ ನೀವೂ ಇನ್ನೆರಡು ವರ್ಷ ನೋಡುವುದಿಲ್ಲ.

ಹಂತ 4: ಆಂಟಿಬಯೋಟಿಕ್ ಬೇಕಾ ಅಂತ ಡಾಕ್ಟರ ಜೊತೆ ಕೂತು ನಿರ್ಧರಿಸಿ

ಅಮೆರಿಕನ್ ವೆಟರಿನರಿ ಡೆಂಟಲ್ ಕಾಲೇಜ್ ಅಂದರೆ ಪಶು ದಂತವೈದ್ಯರ ತಜ್ಞ ಸಂಸ್ಥೆ. ಅದರ ನಿಲುವು ಸ್ಪಷ್ಟವಾಗಿದೆ: ಬಾಯಿಯ ಸೋಂಕಿಗೆ ಆಂಟಿಬಯೋಟಿಕ್ ಒಂದನ್ನೇ ಚಿಕಿತ್ಸೆಯಾಗಿ ಕೊಡಬಾರದು, ರೋಗ ಬರದಿರಲಿ ಅಂತ ಮುಂಚಿತವಾಗಿಯೂ ಕೊಡಬಾರದು.

ಆರೋಗ್ಯವಾಗಿರುವ ನಾಯಿಗೆ ಮಾಮೂಲಿ ಕ್ಲೀನಿಂಗ್ ಮಾಡಿಸಿದರೆ ಸಾಮಾನ್ಯವಾಗಿ ಮಾತ್ರೆ ಬೇಕಾಗುವುದಿಲ್ಲ. ಕ್ಲೀನಿಂಗ್ ವೇಳೆ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವುದು ನಿಜ. ಆದರೆ ಗಟ್ಟಿಮುಟ್ಟಾದ ನಾಯಿಯ ದೇಹ ಅದನ್ನು ಸ್ವಲ್ಪ ಹೊತ್ತಿನಲ್ಲೇ ತೆಗೆದುಹಾಕುತ್ತದೆ. ಬೇಕಾಗುವುದು ಇಂಥ ಕಡೆ: ಸೋಂಕು ಮೂಳೆಗೆ ಇಳಿದಿದ್ದರೆ, ಮುಖ ಊದಿ ಜ್ವರ ಬಂದಿದ್ದರೆ, ಕೆಲವು ಬಗೆಯ ಹೃದಯದ ಕಾಯಿಲೆ ಇದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ನಡೆಯುತ್ತಿದ್ದರೆ. ಆಗಲೂ ಶುಚಿ ಮಾಡುವುದು, ಹಲ್ಲು ಕೀಳುವುದು ತಪ್ಪುವುದಿಲ್ಲ. ಮಾತ್ರೆ ಅದರ ಬೆನ್ನಿಗೆ ಬರುವ ಸಹಾಯ.

ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆಸಿಡ್, ಕ್ಲಿಂಡಾಮೈಸಿನ್, ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್. ಮೊದಲ ಜೋಡಿಯಲ್ಲಿ ಕ್ಲಾವುಲನಿಕ್ ಆಸಿಡ್ ಇರುವ ಕಾರಣವೇ ಪ್ರತಿರೋಧದ ಕಥೆ ಹೇಳುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅಮಾಕ್ಸಿಸಿಲಿನ್ನನ್ನು ಕತ್ತರಿಸಿಹಾಕುವ ಕಿಣ್ವ ತಯಾರಿಸಲು ಕಲಿತವು. ಆ ಕಿಣ್ವದ ಕೈ ಕಟ್ಟಲು ಎರಡನೇ ಔಷಧ ಸೇರಿಸಬೇಕಾಯಿತು. ಈಗ ಆ ಜೋಡಿಗೂ ಬಗ್ಗದ ಬ್ಯಾಕ್ಟೀರಿಯಾಗಳಿವೆ.

ಪ್ರತಿರೋಧ ಅಂದರೆ ನಾಯಿಯ ದೇಹಕ್ಕೆ ಔಷಧ ಒಗ್ಗಿಹೋಗುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬದಲಾಗುವುದು ಬ್ಯಾಕ್ಟೀರಿಯಾ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಒಂದೆರಡಕ್ಕೆ ಔಷಧ ತಡೆಯುವ ಗುಣ ಮೊದಲೇ ಇರುತ್ತದೆ. ಮಾತ್ರೆ ಕೊಟ್ಟಾಗ ಉಳಿದವು ಸಾಯುತ್ತವೆ, ಜಾಗ ಖಾಲಿಯಾಗುತ್ತದೆ, ಈ ಒಂದೆರಡು ಹುಲುಸಾಗಿ ಬೆಳೆಯುತ್ತವೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಪ್ಲಾಸ್ಮಿಡ್ ಅನ್ನುವ ಚಿಕ್ಕ ಡಿಎನ್ಎ ಉಂಗುರದ ಮೂಲಕ ಆ ಗುಣವನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ, ಬೇರೆ ಜಾತಿಯದ್ದಾದರೂ ಸರಿ. ಒತ್ತೊತ್ತಾಗಿ ಬದುಕುವ ಲೋಳೆಯಲ್ಲಿ ಈ ಕೊಡುಕೊಳ್ಳುವಿಕೆ ಇನ್ನೂ ಸಲೀಸು.

ಮಾತ್ರೆ ಬಾಯಿಯ ಸೋಂಕಿಗೆ ಅಂತ ಕೊಟ್ಟರೂ ಅದು ಹೊಟ್ಟೆಯ ಮೂಲಕವೇ ಹೋಗಬೇಕು. ಕರುಳಿನ ಬ್ಯಾಕ್ಟೀರಿಯಾಗಳಲ್ಲೂ ಇದೇ ಆಯ್ಕೆ ನಡೆಯುತ್ತದೆ. ಅಲ್ಲಿ ಬೆಳೆದ, ಔಷಧಕ್ಕೆ ಬಗ್ಗದ ಇ-ಕೋಲೈ ಅನ್ನುವ ಬ್ಯಾಕ್ಟೀರಿಯಾ ಮಲದಲ್ಲಿ ಹೊರಬರುತ್ತದೆ. ನಾಯಿ ನೆಕ್ಕಿದ ಕೈ, ಮಲ ಎತ್ತಿದ ಕೈ, ಒಂದೇ ಸೋಫಾ. ಒಂದೇ ಮನೆಯ ಜನ, ನಾಯಿಗಳ ನಡುವೆ ಇಂಥ ಬ್ಯಾಕ್ಟೀರಿಯಾ ಓಡಾಡುವುದು ಕಂಡುಬಂದಿದೆ. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ನಿಮ್ಮ ಮಗುವಿಗೂ ಬರೆಯುವ ಔಷಧಗಳೇ ಅಲ್ವಾ?

ಈ ಹಂತದಲ್ಲಿ ಬೀಳಬಾರದ ಎರಡು ಗುಂಡಿಗಳನ್ನು ಹೇಳಿಬಿಡುತ್ತೇನೆ. ಒಂದು, “ಪ್ರತಿ ತಿಂಗಳು ಮೊದಲ ಐದು ದಿನ ಆಂಟಿಬಯೋಟಿಕ್” ಅನ್ನುವ ಹಳೆಯ ಪದ್ಧತಿ. ಪಲ್ಸ್ ಥೆರಪಿ ಅಂತ ಹೆಸರಿತ್ತು. ವಾಸನೆ ಕಡಿಮೆಯಾಗುತ್ತದೆ, ಮೂಳೆ ಸವೆಯುತ್ತಲೇ ಇರುತ್ತದೆ, ಬ್ಯಾಕ್ಟೀರಿಯಾಕ್ಕೆ ತಿಂಗಳು ತಿಂಗಳು ತಾಲೀಮು ಸಿಗುತ್ತದೆ. ಈಗ ಇದನ್ನು ಬೇಡ ಅನ್ನುತ್ತಾರೆ. ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ. ಇನ್ನೊಂದು, ಸುಮ್ನೆ ಬಾಯಿಯ ಸ್ವಾಬ್ ತೆಗೆದು ಕಲ್ಚರ್ ಮಾಡಿಸುವುದು. ಕಲ್ಚರ್ ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಕ್ಕೆ ಸಾಯುತ್ತದೆ ಅಂತ ನೋಡುವ ಪರೀಕ್ಷೆ. ಬಾಯಲ್ಲಿ ನೂರಾರು ಬಗೆಯವು ಇರುತ್ತವೆ, ಲ್ಯಾಬಿನಲ್ಲಿ ಬೆಳೆದದ್ದೇ ತಪ್ಪಿತಸ್ಥ ಅನ್ನಲಾಗದು. ಮೂಳೆಯ ಸೋಂಕು, ಚಿಕಿತ್ಸೆಗೆ ಬಗ್ಗದ ಬಾವು, ಇಂಥ ಕಡೆ ಒಳಗಿನಿಂದ ತೆಗೆದ ಮಾದರಿಯಾದರೆ ಪರೀಕ್ಷೆಗೆ ಬೆಲೆ ಇದೆ.

ಗುಳಿ 4 ಮಿಲಿಮೀಟರ್ ದಾಟಿದ್ದರೆ ಕೆಲವೊಮ್ಮೆ ಡಾಕ್ಸಿಸೈಕ್ಲಿನ್ ಜೆಲ್ಲನ್ನು ಆ ಗುಳಿಯೊಳಗೇ ತುಂಬುತ್ತಾರೆ. ಔಷಧ ಬೇಕಾದ ಜಾಗದಲ್ಲೇ ನಿಲ್ಲುತ್ತದೆ, ಹೊಟ್ಟೆಗೆ ಹೋಗುವುದು ಕಡಿಮೆ. ಅದನ್ನೂ ಶುಚಿ ಮಾಡಿದ ಮೇಲೆ ಹಾಕಬೇಕು, ಕೊಳೆಯ ಮೇಲೆ ಅಲ್ಲ.

ಹಂತ 5: ಬರೆದುಕೊಟ್ಟರೆ ಹೀಗೆ ಕೊಡಿ

ನಾಯಿಯನ್ನು ಅದೇ ದಿನ ತೂಗಿಸಿ. ಮನೆಯಲ್ಲಾದರೆ ನೀವು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಅಂದಾಜು ಹೇಳಬೇಡಿ. ಕಡಿಮೆ ಡೋಸ್ ಹೋದರೆ ಅರೆಜೀವ ಬ್ಯಾಕ್ಟೀರಿಯಾಗಳು ಉಳಿದುಕೊಳ್ಳುತ್ತವೆ.

ದಿನಕ್ಕೆ ಎರಡು ಸಲ ಅಂದರೆ 12 ಗಂಟೆಗೊಮ್ಮೆ. ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು ಅಲ್ಲ. ಮರೆತರೆ ನೆನಪಾದಾಗ ಕೊಡಿ, ಮುಂದಿನ ಡೋಸಿನ ಹೊತ್ತು ಹತ್ತಿರವಿದ್ದರೆ ಮರೆತದ್ದನ್ನು ಬಿಡಿ. ಎರಡು ಡೋಸ್ ಒಟ್ಟಿಗೆ ಬೇಡ. ಡಾಕ್ಸಿಸೈಕ್ಲಿನ್ ಆದರೆ ಒಣಗಂಟಲಿಗೆ ನುಂಗಿಸಬೇಡಿ, ಅನ್ನನಾಳದಲ್ಲಿ ಅಂಟಿ ಸುಡುತ್ತದೆ. ಸ್ವಲ್ಪ ಊಟ, ಹಿಂದೆಯೇ ನೀರು. ಮೆಟ್ರೊನಿಡಜೋಲ್ ವಿಪರೀತ ಕಹಿ, ತುಂಡು ಮಾಡಿದರೆ ನಾಯಿ ನೊರೆ ಕಕ್ಕುತ್ತದೆ. ಇಡ್ಲಿ ತುಂಡಿನೊಳಗೆ ಇಡೀ ಮಾತ್ರೆ ಹುದುಗಿಸಿ. ಮೊದಲು ಖಾಲಿ ತುಂಡು, ಎರಡನೆಯದು ಮಾತ್ರೆಯದು, ಮೂರನೆಯದು ಕೈಯಲ್ಲಿ ತೋರಿಸುತ್ತಾ ಇರಿ. ಆಸೆಗೆ ಎರಡನೆಯದನ್ನು ಗುಳುಂ ಮಾಡುತ್ತದೆ.

“ಕೋರ್ಸ್ ಮುಗಿಸಿ” ಅಂತ ಎಲ್ಲರೂ ಹೇಳುತ್ತಾರೆ. ಬೇಕೆಂದಷ್ಟು ಎಳೆಯುವುದೂ ತಪ್ಪು ಅಂತ ಯಾರೂ ಹೇಳುವುದಿಲ್ಲ. ಐದು ದಿನ ಬರೆದಿದ್ದರೆ ಐದೇ ದಿನ. ವಾಂತಿ, ಭೇದಿ ಶುರುವಾದರೆ ನೀವೇ ನಿಲ್ಲಿಸುವ ಮೊದಲು ಫೋನ್ ಮಾಡಿ. ಉಳಿದ ಮಾತ್ರೆ ಮುಂದಿನ ಸಲಕ್ಕೆ ಅಂತ ಎತ್ತಿಡಬೇಡಿ, ಕಮೋಡಿಗೆ, ಸಿಂಕಿಗೆ ಹಾಕಬೇಡಿ.

ಹಂತ 6: ಕ್ಲೋರ್‌ಹೆಕ್ಸಿಡಿನ್

ಇದು ಆಂಟಿಬಯೋಟಿಕ್ ಅಲ್ಲ, ಆಂಟಿಸೆಪ್ಟಿಕ್. ಮುಟ್ಟಿದ ಜಾಗದಲ್ಲಿ ಬ್ಯಾಕ್ಟೀರಿಯಾದ ಹೊರಪೊರೆ ಒಡೆಯುತ್ತದೆ. ನಾಯಿಗಳ ಬಾಯಿಗೆ ಸಾಮಾನ್ಯವಾಗಿ 0.12% ದ್ರಾವಣ ಬಳಸುತ್ತಾರೆ. ಕ್ಲೀನಿಂಗ್ ಆದ ಮೇಲೆ ಒಂದೆರಡು ವಾರ, ಡಾಕ್ಟರ್ ಹೇಳಿದಷ್ಟು ದಿನ. ಹತ್ತಿ ಬಟ್ಟೆಗೆ ಅದ್ದಿ ವಸಡಿನ ಅಂಚಿಗೆ ಸವರಿದರೆ ಸಾಕು.

ಸವ್ಲಾನ್‌ನಲ್ಲೂ ಕ್ಲೋರ್‌ಹೆಕ್ಸಿಡಿನ್ ಇದೆ ಅಂತ ಯಾರೋ ಓದಿ ಅದನ್ನೇ ನೀರಿಗೆ ಬೆರೆಸಿ ಹಚ್ಚಿದ್ದರು. ದಯವಿಟ್ಟು ಬೇಡ. ಅದರಲ್ಲಿ ಸೆಟ್ರಿಮೈಡ್ ಅನ್ನುವ ಇನ್ನೊಂದು ರಾಸಾಯನಿಕ ಕೂಡ ಇದೆ, ಅದು ಬಾಯಿಗಾಗಲಿ ಹೊಟ್ಟೆಗಾಗಲಿ ಹೋಗುವ ವಸ್ತುವಲ್ಲ. ಮನುಷ್ಯರ ಮೌತ್‌ವಾಶ್ ಆದರೆ ಲೇಬಲ್ ಓದಿ: ಜೈಲಿಟಾಲ್ ಅನ್ನುವ ಸಿಹಿ ಇದ್ದರೆ ಅದು ನಾಯಿಗೆ ವಿಷ, ಸಕ್ಕರೆ ಅಂಶ ದಿಢೀರ್ ಕುಸಿಯುತ್ತದೆ, ಲಿವರ್ ಕೆಡಬಹುದು. ಪೇಸ್ಟ್ ಹಾಕಿ ಉಜ್ಜಿದ ತಕ್ಷಣ ಕ್ಲೋರ್‌ಹೆಕ್ಸಿಡಿನ್ ಹಚ್ಚಿದರೆ ಪೇಸ್ಟಿನ ನೊರೆ ಅಂಶ ಅದನ್ನು ನಿಷ್ಕ್ರಿಯ ಮಾಡಬಹುದು, ಅರ್ಧ ಗಂಟೆ ಬಿಡಿ. ತಿಂಗಳುಗಟ್ಟಲೆ ಹಚ್ಚಿದರೆ ಹಲ್ಲು ಕಂದಾಗುತ್ತದೆ. ಇದನ್ನು ತಡೆದುಕೊಳ್ಳುವ ಬ್ಯಾಕ್ಟೀರಿಯಾಗಳೂ ಇವೆ, ಹಾಗಾಗಿ ಕೊನೆಯಿಲ್ಲದೆ ಬಳಸುವ ವಸ್ತು ಇದಲ್ಲ.

ಲವಂಗದ ಎಣ್ಣೆ, ಅಡುಗೆ ಸೋಡಾ, ಬೆಳ್ಳುಳ್ಳಿ ಮೂರೂ ಬೇಡ. ಬೆಳ್ಳುಳ್ಳಿಯಂತೂ ನಾಯಿಯ ರಕ್ತಕಣಗಳನ್ನೇ ಒಡೆಯುತ್ತದೆ.

ಹಂತ 7: ಬ್ರಶ್

ಪ್ಲಾಕ್ ದಿನಕ್ಕೊಮ್ಮೆ ಕಟ್ಟುತ್ತದೆ, ಬ್ರಶ್ಶೂ ದಿನಕ್ಕೊಮ್ಮೆ. ವಾರಕ್ಕೊಮ್ಮೆ ಉಜ್ಜುವಷ್ಟರಲ್ಲಿ ಅದು ಗಾರೆಯಾಗಿರುತ್ತದೆ. ಬ್ರಶ್ಶಿಗೆ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳಲಾರದು, ನನಗೆ ಇಷ್ಟವಾಗುವುದು ಅದೇ.

ವಸಡು ನೋಯುತ್ತಿರುವಾಗ ಶುರು ಮಾಡಬೇಡಿ, ನಾಯಿ ಜನ್ಮಪೂರ್ತಿ ಬ್ರಶ್ ದ್ವೇಷಿಸುತ್ತದೆ. ಕ್ಲೀನಿಂಗ್ ಆಗಿ ಗಾಯ ಒಣಗಲಿ. ಮೊದಲ ವಾರ ಬರೀ ತುಟಿ ಎತ್ತಿ ಬೆರಳಿನಿಂದ ಸವರಿ. ಎರಡನೇ ವಾರ ಬೆರಳಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ. ಮೂರನೇ ವಾರ ಮೆದು ಎಳೆಯ ಮಕ್ಕಳ ಬ್ರಶ್. ವಸಡಿನ ಅಂಚಿಗೆ 45 ಡಿಗ್ರಿ ಓರೆ ಹಿಡಿದು ಚಿಕ್ಕ ಚಿಕ್ಕ ಸುತ್ತು. ಹೊರಬದಿ ಸಾಕು, ಒಳಬದಿಯನ್ನು ನಾಲಿಗೆ ಒಂದಷ್ಟು ನೋಡಿಕೊಳ್ಳುತ್ತದೆ. ಪೇಸ್ಟ್ ನಾಯಿಯದ್ದೇ ಇರಲಿ, ನಮ್ಮದರಲ್ಲಿ ಫ್ಲೋರೈಡ್ ಇರುತ್ತದೆ, ನಾಯಿಗೆ ಉಗಿಯಲು ಬರುವುದಿಲ್ಲ. ಪೇಸ್ಟ್ ಇಲ್ಲದೆ ಬರೀ ನೀರಿನಲ್ಲಿ ಉಜ್ಜಿದರೂ ಕೆಲಸ ಆಗುತ್ತದೆ.

ಮೂಳೆ, ಜಿಂಕೆ ಕೊಂಬು ಕಡಿಸಿದರೆ ಹಲ್ಲು ಶುಚಿಯಾಗುತ್ತದೆ ಅನ್ನುವವರಿದ್ದಾರೆ. ನಮ್ಮ ನಾಯಿಯ ಹಲ್ಲು ಸೀಳಿದ್ದು ಮೂಳೆ ಕಡಿದೇ ಇರಬೇಕು ಅಂತ ಡಾಕ್ಟರ್ ಹೇಳಿದ್ದರು. ಉಗುರಿನಿಂದ ಒತ್ತಿದರೆ ಸ್ವಲ್ಪವಾದರೂ ತಗ್ಗು ಬೀಳದ ವಸ್ತು ಕಡಿಯಲು ಕೊಡಬೇಡಿ. ಅಗಿಯುವ ತಿನಿಸು ಕೊಳ್ಳುವುದಾದರೆ ವೆಟರಿನರಿ ಓರಲ್ ಹೆಲ್ತ್ ಕೌನ್ಸಿಲ್ ಮುದ್ರೆ ಇದೆಯಾ ನೋಡಿ, ಪ್ಲಾಕ್ ಅಥವಾ ಟಾರ್ಟರ್ ಕಡಿಮೆಯಾದ ಪುರಾವೆ ಪರಿಶೀಲಿಸಿ ಕೊಡುವ ಮುದ್ರೆ ಅದು.

ತಿಂಗಳಿಗೊಮ್ಮೆ ಮೊದಲ ಹಂತದ ಫೋಟೋವನ್ನು ಅದೇ ಕಿಟಕಿಯ ಬೆಳಕಿನಲ್ಲಿ, ಅದೇ ಕಡೆಯಿಂದ ಮತ್ತೆ ತೆಗೆಯಿರಿ. ಆ ದೊಡ್ಡ ಹಲ್ಲಿನ ಬುಡ ಎರಡರಲ್ಲೂ ಕಾಣುವ ಹಾಗಿರಲಿ. ಮುಂದಿನ ಸಲ ಲಸಿಕೆಗೆ ಹೋದಾಗ ಎರಡನ್ನೂ ಡಾಕ್ಟರಿಗೆ ತೋರಿಸಿ.